ಗೋಡೆಯ ಮೇಲೆ ಕಾಣದ ಹಸಿರು ಗೆರೆ

ನಾನು ಶಹಾಪುರದ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ. ನಮ್ಮ ಕಡೆ ಡ್ರಾಯಿಂಗ್ ಮಾಸ್ತರ್ ಅಂದರೆ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಬ್ಯಾನರು ಬರೆಯುವವನು, ಆಟೋಟದ ದಿನ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವನು, ಗಣಿತದವರು ರಜೆ ಹಾಕಿದರೆ ಅವರ ತರಗತಿ ಕಾಯುವವನು. ಇಷ್ಟರ ನಡುವೆಯೂ ನನ್ನಲ್ಲಿ ಒಂದು ಗರ್ವ ಉಳಿದುಕೊಂಡಿತ್ತು. ಬಣ್ಣ ಗುರುತಿಸುವುದರಲ್ಲಿ ನನ್ನ ಕಣ್ಣಿಗೆ ಸಮನಾದ ಕಣ್ಣು ಈ ತಾಲ್ಲೂಕಿನಲ್ಲಿ ಇಲ್ಲ ಎಂಬ ಗರ್ವ. ಈ ಮಾತನ್ನು ಬೇರೆ ಯಾರೂ ನನಗೆ ಹೇಳಿರಲಿಲ್ಲ. ನಾನೇ ಹೇಳಿಕೊಂಡು, ಹೇಳಿಕೊಂಡು, ಕೊನೆಗೆ ನಂಬಿದ್ದೆ.

ಹೊಸ ಫೋನು ಕೊಂಡಿದ್ದೂ ಈ ಗರ್ವದಿಂದಲೇ. ಯಾದಗಿರಿಯ ಅಂಗಡಿಯವನು ಕ್ಯಾಮೆರಾ, ಬ್ಯಾಟರಿ ಅಂತ ಶುರು ಮಾಡಿದಾಗ ನಾನು ಕೈ ಅಡ್ಡ ಹಿಡಿದೆ. "ಅದೆಲ್ಲ ಬಿಡ್ರಿ. ನಾ ಬಣ್ಣದ ಮನಷ್ಯಾ. ಪರದಿ ಯಾವುದು ಚಲೋ ಅದ, ಅದನ್ನ ತೋರಸ್ರಿ." ಅವನು ಒಳಗಿಂದ ಒಂದನ್ನು ತಂದು ಹೊತ್ತಿಸಿದ. ಅದರಲ್ಲಿ ಒಂದು ನವಿಲು ಇತ್ತು. ಅಂಥ ನವಿಲನ್ನು ದೇವರೂ ಮಾಡಿರಲಾರ. ನಾನು ಆ ಕ್ಷಣವೇ ಸೋತೆ.

ಮರುದಿನ ಶಾಲೆಯ ಸ್ಟಾಫ್ ರೂಮಿನಲ್ಲಿ ಉಪನ್ಯಾಸ ಕೊಟ್ಟೆ. ಈ ಪರದೆಯಲ್ಲಿ ಒಂದೊಂದು ಚುಕ್ಕೆಯೂ ತಾನೇ ಬೆಳಗುತ್ತದೆ, ಕಪ್ಪು ಬೇಕಾದಲ್ಲಿ ಚುಕ್ಕೆ ಪೂರ್ತಿ ಆರುತ್ತದೆ, ಆದ್ದರಿಂದ ನಿಜವಾದ ಕಪ್ಪು ಎಂದರೇನೆಂದು ನೀವು ಈವರೆಗೆ ನೋಡಿಯೇ ಇಲ್ಲ ಎಂದು ಹೇಳಿ ಒಂದು ಕಪ್ಪು ಚಿತ್ರ ತೆಗೆದು ಸುತ್ತ ತೋರಿಸಿದೆ. ಎಲ್ಲರೂ ಬಗ್ಗಿ ನೋಡಿದರು. ಅದರಲ್ಲಿ ಅವರಿಗೆ ತಮ್ಮ ತಮ್ಮ ಮುಖ ಕಂಡಿತು. ವಿಜ್ಞಾನದ ಮಾಸ್ತರು ಮೀಸೆ ಸರಿಮಾಡಿಕೊಂಡು ಫೋನನ್ನು ಮುಂದಿನವರಿಗೆ ದಾಟಿಸಿದರು.

ಮನೆಯಲ್ಲಿ ಹೆಂಡತಿ ಮಾತ್ರ ಬೇರೆ ಮಾತು ಹೇಳಿದಳು. ಅವಳು ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ಸೀರೆಗೆ ಹೊಂದುವ ದಾರ, ಅಸ್ತರು, ಪೈಪಿಂಗು ಆರಿಸುವುದು ಅವಳ ದಿನದ ಕೆಲಸ. ಅವಳು ಬಣ್ಣಗಳನ್ನು ಕರೆಯುವುದು ಇಟ್ಟಂಗಿ, ಗಿಣಿಹಸಿರು, ಬದನೀಕಾಯಿ ಎಂದು. ನಾನು ಅವಕ್ಕೆಲ್ಲ ಇಂಗ್ಲಿಷಿನ ಹೆಸರು ಹೇಳಿ ತಿದ್ದುತ್ತಿದ್ದೆ. ಅವಳು ಕೇಳಿಸಿಕೊಂಡು ಮತ್ತೆ ಬದನೀಕಾಯಿ ಅನ್ನುತ್ತಿದ್ದಳು.

ಫೋನು ಬಂದು ಒಂದು ತಿಂಗಳೂ ಆಗಿರಲಿಲ್ಲ. ಒಂದು ಮಧ್ಯಾಹ್ನ ಅದನ್ನು ಹೊಲಿಗೆ ಯಂತ್ರದ ಪಕ್ಕಕ್ಕೆ ಇಟ್ಟುಕೊಂಡು, ಬೆಳಕು ಕಡಿಮೆ ಮಾಡಿ, ಯಾವುದೋ ತೋಳಿನ ವಿನ್ಯಾಸ ನೋಡುತ್ತಿದ್ದವಳು ನನ್ನನ್ನು ಕರೆದಳು.

"ಇಲ್ನೋಡ್ರಿ, ಬೆಳ್ಳಗಿರೂದು ಬೆಳ್ಳಗ ಕಾಣವಲ್ದು. ಕೆಳಗಿನ ಅರ್ಧ ಹಸರು ಹೊಡಿಯಾಕತ್ತದ."

ನಾನು ಫೋನನ್ನು ಕೈಯಳತೆಯ ದೂರಕ್ಕೆ ಹಿಡಿದು, ತಲೆ ಹಿಂದಕ್ಕೆ ಬಾಗಿಸಿ, ಪರಿಣತರ ಹಾಗೆ ಕಣ್ಣು ಕಿರಿದು ಮಾಡಿ ನೋಡಿದೆ. ನನಗೇನೂ ಕಾಣಲಿಲ್ಲ.

"ಹಸರು ಫೋನಿನ್ಯಾಗ ಇಲ್ಲ, ನಿನ್ನ ಕಣ್ಣಾಗ ಅದ. ನೋಡೂ ಕೋನ ಬದಲಾದ್ರ ಬಣ್ಣ ಬದಲಾದಂಗ ಅನಸ್ತದ. ಹೊಲದು ಹೊಲದು ನಿನ್ನ ಕಣ್ಣು ದಣದಾವ."

ಅವಳು ಮತ್ತೆ ಹೊಲಿಗೆಗೆ ಕುಳಿತಳು. ಮುಂದಿನ ವಾರ ಸುರಪುರದ ಒಬ್ಬ ಗಿರಾಕಿ ಸೀರೆಯ ಫೋಟೊ ಕಳಿಸಿ, ತಾನು ಬರುವುದರೊಳಗೆ ಅಸ್ತರು, ದಾರ ತಂದಿಡಿ ಎಂದಾಗ ನಾನೇ ಮುಂದೆ ಬಿದ್ದೆ. ಹೆಂಡತಿಯ ಹಳೆಯ ಫೋನಿನ ಮೂಲೆ ಒಡೆದಿತ್ತು. ಫೋಟೊವನ್ನು ನನ್ನ ಫೋನಿಗೆ ತರಿಸಿಕೊಂಡು, ಬಜಾರಿಗೆ ಹೋಗಿ, ಬಟ್ಟೆಯ ಅಂಗಡಿಯಲ್ಲಿ ಇಪ್ಪತ್ತು ಥಾನು ಬಟ್ಟೆ ಇಳಿಸಿ, ಪರದೆಯ ಪಕ್ಕ ಒಂದೊಂದನ್ನೂ ಹಿಡಿದು ಆರಿಸಿ ತಂದೆ. ಅಂಗಡಿಯವರು ನನ್ನ ಶ್ರದ್ಧೆ ನೋಡಿ ಚಹಾ ತರಿಸಿದರು.

ಗಿರಾಕಿ ಸೀರೆ ತಂದು ಬಿಚ್ಚಿದರು. ಅದು ಅಪ್ಪಟ ಬದನೀಕಾಯಿ. ನಾನು ತಂದದ್ದು ಆಗಷ್ಟೇ ಕೊಯ್ದ ಬೀಟ್‌ರೂಟ್. ಎರಡನ್ನೂ ಪಕ್ಕದಲ್ಲಿಟ್ಟರೆ ನೋಡಲು ಸಂಕಟವಾಗುತ್ತಿತ್ತು.

"ಇದನ್ನ ಆರಿಸಿದೋರು ಯಾರ್ರಿ ಅಕ್ಕಾರ?" ಎಂದು ಗಿರಾಕಿ ಕೇಳಿದರು.

"ನಮ್ಮ ಮನಿಯವರು," ಅಂದಳು ಹೆಂಡತಿ.

"ಮಾಸ್ತರ್ ಅಲ್ಲೇನ್ರಿ ಅವರು? ಯಾವ ವಿಷಯ ಕಲಸ್ತಾರ?"

ಒಳಗಿನ ಕೋಣೆಯಲ್ಲಿದ್ದ ನಾನು ಕೆಮ್ಮಲೂ ಇಲ್ಲ.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಿತ್ತು. ನನಗೆ ಬಂದದ್ದು ಹಠ. ಫೋಟೊ ತೆಗೆದ ಬೆಳಕು ಸರಿಯಿಲ್ಲ ಅಂದೆ, ಗಿರಾಕಿಯ ಫೋನು ಅಗ್ಗದ್ದು ಅಂದೆ. ಕೊನೆಗೆ ಹೆಂಡತಿಯ ಕಣ್ಣನ್ನೇ ತೋರಿಸಿಬಿಡೋಣ ಎಂದು ಅವಳನ್ನು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿ ಕಣ್ಣು ತಪಾಸಣೆ ಮಾಡುವ ಹೆಣ್ಣುಮಗಳು ಬಣ್ಣದ ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಪುಸ್ತಕ ತೆರೆದರು. ಹೆಂಡತಿ ಪುಟ ತಿರುಗುವ ಮೊದಲೇ ಅಂಕಿ ಹೇಳುತ್ತ ಹೋದಳು. ದೂರದ ಅಕ್ಷರ, ಹತ್ತಿರದ ಅಕ್ಷರ, ಎಲ್ಲವನ್ನೂ ಓದಿದಳು.

"ಇವರ ಕಣ್ಣು ಏಕದಂ ಚಲೋ ಅದಾವ್ರಿ," ಎಂದು ಆಕೆ ನನ್ನ ಕಡೆ ತಿರುಗಿದರು. "ಬಂದೀರಿ ಅಂದ್ಮ್ಯಾಲ ನೀವೂ ಒಂದೀಟು ಕೂಡ್ರಿ ಸರ್."

ಕುಳಿತೆ. ಅಂಕಿ ಹೇಳಿದೆ, ದೂರದ್ದು ಓದಿದೆ. ಹತ್ತಿರದ ಹಲಗೆ ಕೈಗೆ ಕೊಟ್ಟಾಗ ಮೂರನೆಯ ಸಾಲಿನ ಕೆಳಗೆ ಇರುವೆ ಸಾಲು ಬಿಟ್ಟರೆ ಬೇರೇನೂ ಕಾಣಲಿಲ್ಲ. ಹೆಂಡತಿಯ ಕಣ್ಣು ತೋರಿಸಲು ಹೋದವನು ನನಗೆ ಕನ್ನಡಕ ಮಾಡಿಸಿಕೊಂಡು ಬಂದೆ. ಅದನ್ನು ಹಾಕಿಕೊಂಡು, ಬೆಳಕು ಕಡಿಮೆ ಮಾಡಿ ಫೋನು ನೋಡಿದರೆ, ಕೆಳಗಿನ ಅರ್ಧ ಪಾಚಿ ಕಟ್ಟಿದ ಹೊಂಡದ ಹಾಗಿತ್ತು. ನಾನು ಸುಮ್ಮನೆ ಬೆಳಕು ಹೆಚ್ಚಿಸಿ ಜೇಬಿಗಿಟ್ಟೆ. ಅವಳಿಗೆ ಹೇಳಲಿಲ್ಲ.

ಕೆಲವು ತಿಂಗಳ ಮೇಲೆ ಯಾದಗಿರಿಯಲ್ಲಿ ಚಿತ್ರಕಲಾ ಶಿಕ್ಷಕರಿಗೆ ಒಂದು ದಿನದ ಕಾರ್ಯಾಗಾರ ಇತ್ತು. ಶಿರವಾಳದ ಹಳೆಯ ಗುಡಿಗಳ ಕೆತ್ತನೆಯ ಬಗ್ಗೆ ಮಾತಾಡುವ ಅವಕಾಶ ನನಗೆ ಸಿಕ್ಕಿತ್ತು. ಎರಡು ಭಾನುವಾರ ಅಲ್ಲಿಗೆ ಹೋಗಿ ಕಂಬ, ಬಾಗಿಲುವಾಡ ಎಲ್ಲ ಫೋಟೊ ತೆಗೆದಿದ್ದೆ. ಹೊರಡುವ ದಿನ ಬೆಳಿಗ್ಗೆ ಫೋನು ಹೊಸ ತಂತ್ರಾಂಶ ಬಂದಿದೆ, ಈಗಲೇ ಹಾಕಲೇ ಎಂದು ಕೇಳಿತು. ಹೊಸದು ಎಂದರೆ ಒಳ್ಳೆಯದೇ ಇರಬೇಕು ಎಂದು ಒತ್ತಿದೆ. ನಾನು ಉಪ್ಪಿಟ್ಟು ತಿಂದು ಮುಗಿಸುವ ಹೊತ್ತಿಗೆ ಅದು ಹಂಚಿನಿಂದ ಇಳಿಸಿದ ರೊಟ್ಟಿಯ ಹಾಗೆ ಬಿಸಿಯಾಗಿತ್ತು. ಮತ್ತೆ ಹೊತ್ತಿಕೊಂಡಾಗ ನಟ್ಟನಡುವೆ, ಮೇಲಿಂದ ಕೆಳಗಿನವರೆಗೆ, ಒಂದು ಹಸಿರು ಗೆರೆ ನಿಂತಿತ್ತು. ಸ್ಕೇಲು ಇಟ್ಟು ಎಳೆದರೂ ನನಗೆ ಅಷ್ಟು ನೇರ ಬರುವುದಿಲ್ಲ.

ಯಾದಗಿರಿಯವರೆಗೂ ಬಸ್ಸಿನಲ್ಲಿ ಅದನ್ನು ಅಂಗಿಯ ಚುಂಗಿನಿಂದ ಒರೆಸಿದೆ. ಸಭೆಯಲ್ಲಿ ಫೋನನ್ನು ಪ್ರೊಜೆಕ್ಟರಿಗೆ ಜೋಡಿಸಿ, ಗೋಡೆಗೆ ಬೆನ್ನು ಮಾಡಿ ನಿಂತು, ಮೊದಲೇ ಕ್ಷಮೆ ಕೇಳಿದೆ. "ನೋಡ್ರಿ, ನಡುವ ಒಂದು ಹಸರು ಗೆರಿ ಕಾಣ್ತದ. ಅದು ಶಿಲ್ಪಿದ್ದಲ್ಲ, ಕಂಪನಿದು. ದಯವಿಟ್ಟು ಅದನ್ನ ಬಿಟ್ಟು ನೋಡ್ರಿ." ಎರಡನೆಯ ಚಿತ್ರಕ್ಕೂ ಕ್ಷಮೆ ಕೇಳಿದೆ. ಮೂರನೆಯದಕ್ಕೆ ಗೆರೆಯ ಎಡಕ್ಕಿರುವ ನರ್ತಕಿಯನ್ನು ಗಮನಿಸಿ ಎಂದೆ. ಹಿಂದಿನ ಬೆಂಚಿನಿಂದ ಸುರಪುರದ ಕಡೆಯ ಒಬ್ಬ ಮಾಸ್ತರರು ಎದ್ದು ನಿಂತರು.

"ಸರ್, ಗೆರಿ ಎಲ್ಲದ? ನಾವು ಆಗಿಂದ ಹುಡಕಾಕತ್ತೇವಿ."

ತಿರುಗಿ ನೋಡಿದೆ. ಗೋಡೆಯ ಮೇಲೆ ಗುಡಿ ಶುಭ್ರವಾಗಿತ್ತು. ಗೆರೆ ಇದ್ದದ್ದು ನನ್ನ ಕೈಯಲ್ಲಿ ಮಾತ್ರ. ನಲವತ್ತು ಜನ ಚಿತ್ರಕಲಾ ಶಿಕ್ಷಕರು ಸಾವಿರ ವರ್ಷದ ಕೆತ್ತನೆ ಬಿಟ್ಟು ಇಲ್ಲದ ಗೆರೆಯನ್ನು ಹುಡುಕುವಂತೆ ಮಾಡಿದ್ದೆ.

ಊಟದ ಬಿಡುವಿನಲ್ಲಿ ಅಲ್ಲಿಯ ಫೋನು ಕಂಪನಿಯ ಸರ್ವಿಸ್ ಸೆಂಟರಿಗೆ ಹೋದೆ. ಕೌಂಟರಿನಲ್ಲಿದ್ದ ಯುವತಿ ಮೊದಲು ಫೋನು ಆರಿಸಿ ಹೊತ್ತಿಸಿದಳು. ಗೆರೆ ಹಾಗೇ ಇತ್ತು. ಎರಡು ದಿನ ಕಾದು ನೋಡಿ, ಮತ್ತೊಂದು ಅಪ್‌ಡೇಟಿನಲ್ಲಿ ಹೋಗಬಹುದು ಅಂದಳು. ನಾನು ಒಪ್ಪದಿದ್ದಾಗ ದೀಪವಿರುವ ಭೂತಗನ್ನಡಿ ತಂದು ನಾಲ್ಕೂ ಅಂಚು ಪರೀಕ್ಷಿಸಿದಳು. ಎಡಗಡೆಯ ಮೂಲೆಯಲ್ಲಿ ಕೂದಲೆಳೆಯಷ್ಟು ಗೀರು ಸಿಕ್ಕಿತು.

"ಸರ್, ಇಲ್ಲಿ ಪೆಟ್ಟು ಬಿದ್ದದ. ಹೊರಗಿನ ಪೆಟ್ಟು ಆದ್ರ ವಾರಂಟಿ ಬರಂಗಿಲ್ಲ."

"ನಾ ಇದನ್ನ ಒಮ್ಮಿನೂ ಕೆಡವಿಲ್ಲವ್ವ!" ಎಂದು ಜೋರು ಮಾಡಿದೆ. ಅದು ನಿಜವೇ. ಕೆಡವಿರಲಿಲ್ಲ. ಆದರೆ ಪರದೆಯ ಮೇಲಿನ ಅಂಟುಹಾಳೆಯಿಂದ ಬಣ್ಣ ಮಂಕಾಗುತ್ತದೆ ಎಂದು, ಬಣ್ಣ ಕೆರೆಯುವ ಚಾಕುವಿನಿಂದ ಅದನ್ನು ಎಬ್ಬಿಸಿ ತೆಗೆದಿದ್ದೆ. ಅದನ್ನು ಅವಳಿಗೆ ಹೇಳುವ ಅಗತ್ಯ ನನಗೆ ಕಾಣಲಿಲ್ಲ.

ಮನೆಗೆ ಬಂದವನೇ ಕಂಪನಿಗೆ ಮೇಲ್ ಬರೆದೆ. ಸಾಕ್ಷಿಗೆಂದು ಸ್ಕ್ರೀನ್‌ಶಾಟ್ ತೆಗೆದು ಏಳು ಚಿತ್ರ ಲಗತ್ತಿಸಿದೆ. ನಾಲ್ಕು ದಿನಕ್ಕೆ ಉತ್ತರ ಬಂತು. ತಾವು ಕಳಿಸಿದ ಚಿತ್ರಗಳನ್ನು ನಮ್ಮ ತಾಂತ್ರಿಕ ತಂಡ ಪರಿಶೀಲಿಸಿದೆ, ಅವುಗಳಲ್ಲಿ ಯಾವ ದೋಷವೂ ಕಂಡುಬಂದಿಲ್ಲ, ನಮ್ಮನ್ನು ಆಯ್ದುಕೊಂಡಿದ್ದಕ್ಕೆ ಧನ್ಯವಾದ ಎಂದಿತ್ತು. ಕಣ್ಣೆದುರಿಗಿರುವ ಗೆರೆಯನ್ನೇ ಇಲ್ಲ ಎನ್ನುವ ಧೈರ್ಯ ಕಂಡು ನನ್ನ ಮೈ ಉರಿಯಿತು. ಅವೇ ಸ್ಕ್ರೀನ್‌ಶಾಟುಗಳ ಮೇಲೆ, ಕುರುಡರಿಗೂ ತಿಳಿಯಲಿ ಎಂದು, ದಪ್ಪ ಕೆಂಪು ಬಾಣ ಬರೆದು ಮತ್ತೆ ಕಳಿಸಿದೆ.

ಮರುದಿನ ಕಂಪನಿಯಿಂದಲೇ ಕರೆ ಬಂತು. ಬೆಂಗಳೂರಿನ ಕಡೆಯ ಕನ್ನಡ ಮಾತಾಡುವ ಒಬ್ಬ ಯುವಕ.

"ಸರ್, ನೀವು ಬಾಣದ ಗುರುತು ಹಾಕಿ ಕಳ್ಸಿದೀರಲ್ಲ, ಆ ಬಾಣದ ತುದೀಲಿ ಏನೂ ಇಲ್ಲ ಸರ್."

"ಏನೂ ಇಲ್ಲ ಅಂದ್ರ ಹೆಂಗ್ರಿ? ನನ್ನ ಕಣ್ಣಿಗೆ ಕಾಣಾಕತ್ತದ!"

"ಸರ್, ದಯವಿಟ್ಟು ಕೂಗಾಡ್ಬೇಡಿ."

"ನಾ ಕೂಗಾಡಾಕತ್ತಿಲ್ರಿ. ನಾವು ಮಾತಾಡೂದೇ ಹಿಂಗ."

ಅವನು ಮುಂದೆ ಇಟ್ಟುಕೊಂಡ ಹಾಳೆಯಿಂದ ಓದುವವನಂತೆ ಹೇಳಿದ. "ನೋಡುವ ಕೋನ, ಸುತ್ತಲಿನ ಬೆಳಕು ಇವುಗಳಿಂದ ಬಣ್ಣ ವ್ಯತ್ಯಾಸವಾಗಿ ಕಾಣೋದು ಸಹಜ ಸರ್. ತುಂಬ ಹೊತ್ತು ಪರದೆ ನೋಡಿದಾಗ ಕಣ್ಣಿಗೆ ದಣಿವಾಗಿ ಹಾಗನ್ಸೋದೂ ಉಂಟು."

ಸ್ಪೀಕರ್ ಹಾಕಿಕೊಂಡು ಮಾತಾಡುತ್ತಿದ್ದೆ. ಹೊಲಿಗೆ ಯಂತ್ರದ ಸದ್ದು ನಿಂತಿತು. ಹೆಂಡತಿ ನನ್ನನ್ನು ನೋಡಿದಳು. ನಾನು ಆ ಯುವಕನಿಗೆ ಇನ್ನೂ ಏನೋ ಹೇಳಬೇಕೆಂದಿದ್ದವನು, ಆಯ್ತಪ್ಪ ಎಂದು ಫೋನು ಇಟ್ಟೆ.

ಆ ಭಾನುವಾರ, ಬದನೀಕಾಯಿ ಸೀರೆಯ ಅದೇ ಗಿರಾಕಿಗೆ ಇನ್ನೆರಡು ಬ್ಲೌಸು ಮುಟ್ಟಿಸಲು ಹೆಂಡತಿ ಸುರಪುರಕ್ಕೆ ಹೊರಟಳು. ಅಲ್ಲಿ ಒಬ್ಬ ಹಳೆಯ ಮೆಕ್ಯಾನಿಕ್ ಇದ್ದಾರೆ, ಒಮ್ಮೆ ತೋರಿಸೋಣ ಎಂದು ನನ್ನನ್ನೂ ಹೊರಡಿಸಿದಳು. ಅರವತ್ತು ದಾಟಿದ ಮುಸ್ಲಿಂ ಹಿರಿಯರು. ದೊಡ್ಡ ಡಬ್ಬಿಯಂಥ ಟಿವಿಗಳ ಕಾಲದಿಂದ ರಿಪೇರಿ ಮಾಡಿಕೊಂಡು ಬಂದವರು, ಈಗ ಅದೇ ಅಂಗಡಿಯಲ್ಲಿ ಫೋನು ಬಿಚ್ಚುತ್ತಾರೆ. ಊರೆಲ್ಲ ಅವರನ್ನು ಚಾಚಾ ಅನ್ನುತ್ತದೆ. ನಾನು ನಡೆದದ್ದೆಲ್ಲ ಹೇಳಿದೆ, ಕೆಂಪು ಬಾಣದ ವಿಷಯವನ್ನೂ ಹೆಮ್ಮೆಯಿಂದ ಹೇಳಿದೆ. ಚಾಚಾ ನಗಲಿಲ್ಲ. ಅವರ ದೊಡ್ಡಗುಣ.

"ಮಾಸ್ತರ್ ಸಾಬ್, ಸ್ಕ್ರೀನ್‌ಶಾಟ್ ಅಂದ್ರ ಫೋನ್ ತನ್ನ ಒಳಗಿನ ಚಿತ್ರ ತಾನೇ ತಕ್ಕೊಳ್ಳೂದು. ಆ ಚಿತ್ರ ಬಿಲ್ಕುಲ್ ಸಾಫ್ ಅದ. ಖರಾಬ್ ಆಗಿದ್ದು ಮ್ಯಾಲಿನ ಡಿಸ್‌ಪ್ಲೇ. ಕನ್ನಡಿ ಒಡದ್ರ ಮಾರಿ ಒಡೀತದೇನು? ಅದಕ್ಕ ಗ್ವಾಡಿ ಮ್ಯಾಲೂ ಗೆರಿ ಬರಲಿಲ್ಲ."

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಏಳು ಶುಭ್ರ ಚಿತ್ರ ಕಳಿಸಿ, ಅವುಗಳ ಮೇಲೆ ಬಾಣ ಬರೆದು, ಕಂಪನಿಯವರನ್ನು ಕುರುಡರೆಂದು ಬೈದವನು ನಾನು. ಆ ತಾಂತ್ರಿಕ ತಂಡದವರು ನನ್ನ ಬಾಣಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡಿರಬಹುದು ಎಂದು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

"ನೀವೇ ಬದಲಿ ಮಾಡಿಕೊಡ್ರಿ ಚಾಚಾ," ಅಂದೆ.

"ಬ್ಯಾಡ. ನಾ ಬಿಚ್ಚಿದ್ರ ಕಂಪನಿ ಕೈ ತೊಳಕೊಂತದ. ಇದೇ ಥರದ ಫೋನು ನನ್ನ ಹತ್ರ ಇನ್ನೂ ಮೂರು ಬಂದಾವ, ಎಲ್ಲಾ ಅಪ್‌ಡೇಟ್ ಆದ ಮ್ಯಾಲೇ. ಭಾಳ ಮಂದಿ ಬರದ್ರ ಕಂಪನಿ ಪುಕಟ್ ಡಿಸ್‌ಪ್ಲೇ ಕೊಡ್ತದ. ಡಂಗುರಾ ಹೊಡ್ದು ಹೇಳಂಗಿಲ್ಲ, ಕೇಳಿದವರಿಗೆ ಅಷ್ಟ. ಬ್ಯಾರೆ ಫೋನಿಂದ ಫೋಟೊ ತಗೀರಿ. ಜಗಳ ಬರೀಬ್ಯಾಡ್ರಿ, ತಾರೀಖ ಬರೀರಿ."

ನಾನು ತಲೆಯಾಡಿಸುವಷ್ಟರಲ್ಲಿ ಹೆಂಡತಿ ಫೋನನ್ನು ಅಂಗಡಿಯ ಮೆಟ್ಟಿಲ ಮೇಲೆ ನೆರಳಿಗಿಟ್ಟು, ಮೂಲೆ ಒಡೆದ ತನ್ನ ಹಳೆಯ ಫೋನಿನಿಂದ ಮೂರು ಫೋಟೊ ತೆಗೆದಿದ್ದಳು. ಒಂದರಲ್ಲಿ ಗೆರೆ, ಒಂದರಲ್ಲಿ ಬೆಳಕು ಕಡಿಮೆ ಮಾಡಿದಾಗಿನ ಹಸಿರು, ಒಂದರಲ್ಲಿ ಫೋನಿನ ಹಿಂಬದಿಯ ಗುರುತುಸಂಖ್ಯೆ.

ಮನೆಗೆ ಬಂದು ನಾನು ದೂರು ಬರೆಯಲು ಕುಳಿತೆ. ಬಣ್ಣವೆಂದರೇನು ಎಂಬಲ್ಲಿಂದ ಶುರುವಾಗಿ, ಗ್ರಾಹಕನ ಘನತೆಯ ಮೇಲೆ ಹಾಯ್ದು, ನಾಲ್ಕು ಪುಟವಾಯಿತು. ಹೆಂಡತಿ ಓದಿದಳು. ಬಟ್ಟೆಯಲ್ಲಿ ಹೆಚ್ಚಾದದ್ದನ್ನು ಕತ್ತರಿಸುವಾಗಿನ ಮುಖವೇ ಅದು.

"ಇದರಾಗ ಗೆರಿ ಬರೂದು ಮೂರನೇ ಪುಟಕ್ಕ. ಅಲ್ಲೀತನಕ ಯಾರು ಓದ್ತಾರ್ರಿ?"

ಅವಳೇ ಬರೆದಳು. ಇಂಥ ದಿನ ಕೊಂಡೆವು. ಒಂದು ತಿಂಗಳೊಳಗೆ ಕೆಳಭಾಗ ಹಸಿರಾಗಿ ಕಾಣುತ್ತಿತ್ತು. ಇಂಥ ದಿನ ನಿಮ್ಮ ಅಪ್‌ಡೇಟ್ ಹಾಕಿದೆವು, ಅದೇ ಹೊತ್ತಿಗೆ ಗೆರೆ ಬಂತು. ಮೂಲೆಯ ಗೀರು ಅಂಟುಹಾಳೆ ತೆಗೆಯುವಾಗ ಚಾಕು ತಾಗಿ ಆದದ್ದು, ಗೆರೆ ಅಲ್ಲಿಂದ ಬಂದಿಲ್ಲ, ನಡುವಿನಿಂದ ಬಂದಿದೆ. ಪರದೆ ಬದಲಿಸಿ ಕೊಡಿ.

"ಚಾಕು ವಿಷಯ ಯಾಕ?" ಎಂದೆ ಗಾಬರಿಯಿಂದ. ಅದು ಅವಳಿಗೆ ಗೊತ್ತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

"ಖರೇ ಇದ್ದದ್ದು ಬರದ್ರ ಏನಾಗ್ತದ?"

ಹತ್ತು ದಿನಕ್ಕೆ ಉತ್ತರ ಬಂತು. ಯಾದಗಿರಿಯಲ್ಲಿ ಪರದೆ ಉಚಿತವಾಗಿ ಬದಲಿಸಿಕೊಡುತ್ತೇವೆ, ಇದು ಗ್ರಾಹಕರ ಮೇಲಿನ ಸದ್ಭಾವನೆಯ ಕ್ರಮವೇ ಹೊರತು ದೋಷವನ್ನು ಒಪ್ಪಿಕೊಂಡಂತೆ ಅಲ್ಲ ಎಂದಿತ್ತು. ಇಬ್ಬರೂ ಹೋದೆವು. ಕೌಂಟರಿನಲ್ಲಿ ಅದೇ ಯುವತಿ. ನಾನು ಗೆದ್ದವನ ಗತ್ತಿನಲ್ಲಿ ಪತ್ರ ಮುಂದಿಟ್ಟೆ. ಅವಳು ಅದನ್ನು ಎರಡು ಸಲ ಓದಿ, ಮೇಜಿನ ಕೆಳಗಿಂದ ತನ್ನ ಫೋನು ತೆಗೆದು ಹೆಂಡತಿಗೆ ತೋರಿಸಿದಳು. ಅದೇ ಫೋನು, ಎಡಕ್ಕೊಂದು ಗುಲಾಬಿ ಗೆರೆ.

"ನಂದಕ್ಕೂ ಬಂದಾದ್ರಿ ಅಕ್ಕಾರ. ಇಲ್ಲಿ ಕೆಲಸ ಮಾಡಾಕತ್ತೇನಿ ಅಂತ ಬರಿಯಾಕ ಅಂಜಿಕಿ. ಬಂದವರಿಗೆಲ್ಲ ಪೆಟ್ಟು ಬಿದ್ದದ ಅಂತ ಹೇಳಬೇಕು, ಕಂಪನಿಯವರು ಕೊಟ್ಟ ಹಾಳಿನ್ಯಾಗ ಅದೇ ಮೊದಲ್ನೇ ಸಾಲು. ಹೇಳೂ ಮುಂದ ನಾ ನನ್ನ ಫೋನು ಬೋರಲ ಇಟ್ಟಿರ್ತೀನಿ."

ನನ್ನ ಗತ್ತು ಅಲ್ಲಿಗೇ ಇಳಿಯಿತು. ನಾನು ಅವಳ ಮೇಲೆ ಜೋರು ಮಾಡಿದ ದಿನವೂ ಆ ಗುಲಾಬಿ ಗೆರೆ ಮೇಜಿನ ಕೆಳಗೆ ಬೋರಲಾಗಿ ಮಲಗಿದ್ದಿರಬೇಕು.

ಹೊಸ ಪರದೆ ಹಾಕಿಸಿಕೊಂಡು ಹಿಂದಿರುಗುವಾಗ, ಬಸ್ಸಿನಲ್ಲಿ ಪತ್ರದ ಕೊನೆಯ ಸಾಲನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ. "ನೋಡು ಇವರ ಸೊಕ್ಕು! ಡಿಸ್‌ಪ್ಲೇ ಕೊಡ್ತಾರಂತ, ತಪ್ಪು ಮಾತ್ರ ಒಪ್ಪಂಗಿಲ್ಲಂತ."

ಅವಳು ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು. "ನೀವೂ ಹಂಗೇ ಮಾಡಿದ್ರಿ. ಕಣ್ಣು ತೋರಿಸಿಕೊಂಡು ಬಂದ ದಿನ ಜಿಲೇಬಿ ತಂದ್ರಿ. ನಿಂದ ಖರೇ ಇತ್ತು ಅಂತ ಒಂದು ಮಾತು ಅನಲಿಲ್ಲ."

ಜಿಲೇಬಿ ತಂದದ್ದು ನೆನಪಾಯಿತು. ಯಾಕೆ ತಂದೆ ಎಂದು ಆಗ ನನಗೇ ಗೊತ್ತಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, ತಪ್ಪಾಯ್ತು ಎಂದು ಮೆಲ್ಲಗೆ ಅಂದೆ. ಅಷ್ಟರಲ್ಲಿ ಡ್ರೈವರು ಹಾರ್ನ್ ಒತ್ತಿದ.

"ಏನಂದ್ರಿ?"

"ತಪ್ಪಾತು ಅಂದೆ."

"ಕೇಳಸವಲ್ದು."

"ತಪ್ಪಾತು! ನಿನ್ನ ಕಣ್ಣು ಚಲೋ ಅದಾವ!" ಎಂದು ಕೂಗಿದೆ. ಮುಂದಿನ ಎರಡು ಸೀಟಿನವರು ತಿರುಗಿ ನೋಡಿದರು. ಕಂಡಕ್ಟರು ಟಿಕೆಟ್ ಯಂತ್ರ ಹಿಡಿದು ನಿಂತಲ್ಲೇ ನಿಂತ. ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಮೊದಲನೆಯ ಸಲವೇ ಅವಳಿಗೆ ಕೇಳಿಸಿತ್ತೆಂದು ನನಗೆ ಅನುಮಾನ.

ಕೌಂಟರಿನ ಯುವತಿಯ ಫೋನಿನ ಬಿಲ್ಲು ಅವಳ ತಾಯಿಯ ಹೆಸರಿನಲ್ಲಿತ್ತು. ಆದ್ದರಿಂದ ದೂರು ತಾಯಿಯ ಹೆಸರಿನಲ್ಲೇ ಹೋಯಿತು. ಬರೆದವಳು ನನ್ನ ಹೆಂಡತಿ, ಫೋನಿನಲ್ಲಿ ಕೇಳಿ ಕೇಳಿ ತಾರೀಖು ಹಾಕಿಕೊಂಡು. ಕಳಿಸುವ ಮೊದಲು ಕಾಗುಣಿತ ನೋಡಿ ಎಂದು ನನ್ನ ಕೈಗೆ ಕೊಟ್ಟಳು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ತಿದ್ದಲು ಏನೂ ಇರಲಿಲ್ಲ. ಆದರೂ ಮಾಸ್ತರನ ಮರ್ಯಾದೆಗೆಂದು ಒಂದು ಪೂರ್ಣವಿರಾಮ ಸೇರಿಸಿದೆ. ಅವಳು ಅದನ್ನು ಅಳಿಸಿ ಕಳಿಸಿದಳು.